ಮುಂದಿನ ಬಾಚಿಹಲ್ಲು: ಕಿತ್ತ ದಿನವೇ ಇಂಪ್ಲಾಂಟೋ, ಎಂಟು ವಾರ ಕಾದ ಮೇಲೋ?

ದಂತ್ಯಾಕ್ಷರ (ಪ್ರಶ್ನೆ)

ನನ್ನ ಮೇಲ್ದವಡೆಯ ಬಲಭಾಗದ ನಡುಬಾಚಿಹಲ್ಲು ಹೋಗಲಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಮೆಟ್ಟಿಲಿನಿಂದ ಬಿದ್ದಾಗ ಪೆಟ್ಟು ತಿಂದ ಹಲ್ಲು ಅದು. ಬೇರುನಾಳದ ಚಿಕಿತ್ಸೆ ಮಾಡಿ, ಒಳಗೊಂದು ಲೋಹದ ಕಡ್ಡಿ ಕೂರಿಸಿ, ಮೇಲೆ ಕ್ಯಾಪ್ ಹಾಕಿದ್ದರು. ಇಪ್ಪತ್ತೆರಡು ವರ್ಷ ನಡೆಯಿತು. ಹೋದ ತಿಂಗಳು ಕ್ಯಾಪು ಕಡ್ಡಿಯ ಸಮೇತ ಕೈಗೆ ಬಂತು. ಹಲ್ಲು ಒಸಡಿನ ಅಂಚಿಗಿಂತ ಒಳಗೆ ಮುರಿದಿತ್ತು. ಅದನ್ನೇ ತಾತ್ಕಾಲಿಕವಾಗಿ ಅಂಟಿಸಿಕೊಂಡು ಓಡಾಡುತ್ತಿದ್ದೇನೆ. ಕೀವಿಲ್ಲ, ನೋವಿಲ್ಲ. ಬೇರನ್ನು ಉಳಿಸಲಾಗದು ಎಂಬುದರಲ್ಲಿ ನಾನು ಕಂಡ ಇಬ್ಬರು ಶಸ್ತ್ರವೈದ್ಯರಿಗೂ ಒಮ್ಮತವಿದೆ. ಅಲ್ಲಿಂದ ಮುಂದೆ ಇಬ್ಬರ ದಾರಿಯೂ ಬೇರೆ.

ಮೊದಲನೆಯವರು ಹೇಳಿದ್ದು: ಬೇರನ್ನು ಮೆಲ್ಲಗೆ ತೆಗೆದು, ಒಸಡನ್ನು ಕುಯ್ಯದೆ, ಕಂಪ್ಯೂಟರಿನಲ್ಲಿ ಯೋಜಿಸಿ ಮುದ್ರಿಸಿದ ಗೈಡ್ (ಡ್ರಿಲ್ಲಿಗೆ ದಾರಿ ತೋರಿಸುವ ಅಚ್ಚು) ಇಟ್ಟು ಅದೇ ಗಳಿಗೆಯಲ್ಲಿ ಇಂಪ್ಲಾಂಟ್ (ಬೇರಿನ ಬದಲು ಮೂಳೆಯಲ್ಲಿ ನಿಲ್ಲುವ ಟೈಟಾನಿಯಂ ತಿರುಪು) ಕೂರಿಸುತ್ತೇನೆ, ಸಂಜೆಯೊಳಗೆ ತಾತ್ಕಾಲಿಕ ಹಲ್ಲು ಕೊಡುತ್ತೇನೆ. ಎರಡನೆಯವರು ಹೇಳಿದ್ದು: ಹಲ್ಲು ತೆಗೆದು ಎಂಟು ವಾರ ಕಾಯೋಣ. ಆಮೇಲೆ ಒಸಡನ್ನು ಬಿಡಿಸಿ, ಕಣ್ಣಾರೆ ಮೂಳೆ ನೋಡಿಕೊಂಡು ಇಂಪ್ಲಾಂಟ್ ಕೂರಿಸುತ್ತೇನೆ. ಹೊರಬದಿಗೆ ಮೂಳೆಪುಡಿ ಹಾಕಿ, ಪೊರೆ ಮುಚ್ಚಿ, ಒಸಡಿನ ಕೆಳಗೆ ಹುದುಗಿಸಿ ಹೊಲಿಯುತ್ತೇನೆ. ನಾಲ್ಕು ತಿಂಗಳ ನಂತರ ತೆರೆದು ಹಲ್ಲು ಕಟ್ಟೋಣ.

ಇಬ್ಬರೂ ಸಮಾಧಾನದಿಂದ ವಿವರಿಸಿದರು. ಇಬ್ಬರ ಮೇಲೂ ನನಗೆ ಗೌರವವಿದೆ. ಅದೇ ತೊಂದರೆ.

ಸ್ಕ್ಯಾನಿನ ವರದಿಯಲ್ಲಿರುವುದು: ಬೇರಿನ ಹೊರಗೋಡೆಯ ಮೂಳೆ ಒಡೆದಿಲ್ಲ, ಆದರೆ ದಪ್ಪ 0.7 ಮಿ.ಮೀ. ಬೇರಿನ ತುದಿಯಿಂದಾಚೆಗೆ ಸುಮಾರು 5 ಮಿ.ಮೀ. ಮೂಳೆ ಇದೆ. ಒಸಡು ತೆಳು, ಅಳತೆಕಡ್ಡಿ ಇಳಿಸಿದರೆ ಅದರ ನೆರಳು ಹೊರಗೆ ಕಾಣುತ್ತದೆ. ನಕ್ಕರೆ ನನ್ನ ಒಸಡು ಚೆನ್ನಾಗಿಯೇ ಕಾಣುತ್ತದೆ. ವಯಸ್ಸು 34, ಧೂಮಪಾನವಿಲ್ಲ, ಸಕ್ಕರೆ ಕಾಯಿಲೆ ಇಲ್ಲ.

ಇನ್ನೊಂದು ವಿಷಯ. ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗಾಗಿ ನಾನು ಪಠ್ಯಗಳನ್ನು ಓದಿ ಧ್ವನಿಮುದ್ರಿಸುತ್ತೇನೆ. ನಮ್ಮ ವರ್ಣಮಾಲೆಯಲ್ಲಿ ತ, ಥ, ದ, ಧ, ನ ಪೂರ್ತಿ ಒಂದು ವರ್ಗವೇ ಈ ಹಲ್ಲಿನ ಬೆನ್ನಿಗೆ ನಾಲಿಗೆ ತಾಗಿಸಿ ಹುಟ್ಟುವಂಥದ್ದು. ಕ್ಯಾಪು ಕೈಗೆ ಬಂದ ದಿನ ನಾನು "ತಂದೆ" ಎಂದದ್ದು ನನಗೇ ಗುರುತು ಸಿಗಲಿಲ್ಲ. ಆದ್ದರಿಂದ ಅಂದದಷ್ಟೇ ಉಚ್ಚಾರವೂ ನನಗೆ ಮುಖ್ಯ. ಈ ಎರಡು ವಿಧಾನಗಳನ್ನು ಯಾವ ಆಧಾರದ ಮೇಲೆ ತೂಗಬೇಕು?

ಎರಡು ದವಡೆಹಲ್ಲು

ನಾನು ವೈದ್ಯನಲ್ಲ. ಎರಡು ಇಂಪ್ಲಾಂಟ್‌ಗಳನ್ನು ಎರಡು ಬೇರೆ ವಿಧಾನಗಳಲ್ಲಿ ಹಾಕಿಸಿಕೊಂಡವನು, ಆ ಅನುಭವವನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಕೆಳಗಿನ ದವಡೆಹಲ್ಲು. ಹಳೆಯ ಎರಡು ಹಂತದ ಕ್ರಮ: ಒಸಡು ಬಿಡಿಸಿದರು, ಕೊರೆದರು, ಕೂರಿಸಿದರು, ಮುಚ್ಚಿ ಹೊಲಿದರು, ಮೂರು ತಿಂಗಳು ಮರೆತುಬಿಡಿ ಎಂದರು. ಎರಡು ದಿನ ಕೆನ್ನೆ ಊದಿತ್ತು, ಮೂರನೆಯ ದಿನದಿಂದ ಇಳಿಯಿತು. ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ. ಏಳು ವರ್ಷವಾಯಿತು, ಅದರಲ್ಲಿಯೇ ಅಗಿಯುತ್ತಿದ್ದೇನೆ.

ಎರಡನೆಯದು ಮೇಲಿನ ದವಡೆಹಲ್ಲು. ಅಲ್ಲಿ ಸೈನಸ್, ಅಂದರೆ ಕೆನ್ನೆಮೂಳೆಯೊಳಗಿನ ಗಾಳಿಯ ಗೂಡು, ಕೆಳಗಿಳಿದಿತ್ತು, ಮೂಳೆಯ ಎತ್ತರ ಸಾಲುತ್ತಿರಲಿಲ್ಲ. ಕೊರೆದ ತೂತಿನಿಂದಲೇ ಸಣ್ಣ ಲೋಹದ ಮೊಳೆಯಂಥ ಉಪಕರಣವನ್ನು ಸುತ್ತಿಗೆಯಿಂದ ತಟ್ಟಿ ಸೈನಸ್ಸಿನ ನೆಲವನ್ನು ಮೇಲಕ್ಕೆತ್ತಿದರು. ನೋವು ಸೊನ್ನೆ. ಆದರೆ ಆ ತಟ್ಟುವ ಸದ್ದು ತಲೆಬುರುಡೆಯೊಳಗೇ ಮೊಳಗುತ್ತದೆ. ಮಾರನೆಯ ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ ಕೋಣೆ ಗಿರ್ರನೆ ತಿರುಗಿತು. ತಟ್ಟಿದ ಪೆಟ್ಟಿಗೆ ಒಳಕಿವಿಯ ಸಣ್ಣ ಹರಳುಗಳು ಜಾಗ ತಪ್ಪಿದ್ದವಂತೆ. ಅಪರೂಪವಾದರೂ ಗೊತ್ತಿರುವ ತೊಂದರೆಯಂತೆ. ಕಿವಿಯ ವೈದ್ಯರು ತಲೆಯನ್ನು ಕ್ರಮವಾಗಿ ಅತ್ತಿತ್ತ ತಿರುಗಿಸಿ ಸರಿಪಡಿಸಿದರು. ಆದರೆ ಆ ನಾಲ್ಕು ದಿನ ನಾನು ಪಟ್ಟ ಗಾಬರಿ ಅಷ್ಟಿಷ್ಟಲ್ಲ, ಏಕೆಂದರೆ ಹಾಗಾಗಬಹುದು ಎಂದು ಯಾರೂ ಮೊದಲೇ ಹೇಳಿರಲಿಲ್ಲ.

ಆದ್ದರಿಂದ ನನ್ನ ಒಂದೇ ಮಾತು: ಇಬ್ಬರು ವೈದ್ಯರನ್ನೂ "ನಿಮ್ಮ ವಿಧಾನ ಕೈಕೊಟ್ಟರೆ ಏನಾಗುತ್ತದೆ, ಆಗ ನೀವು ಏನು ಮಾಡುತ್ತೀರಿ" ಎಂದು ಕೇಳಿ. ಯಶಸ್ಸಿನ ಬಗ್ಗೆ ಎಲ್ಲರೂ ಒಂದೇ ರೀತಿ ಮಾತಾಡುತ್ತಾರೆ.

ದವಡೆಯ ವೈದ್ಯ

ದಂತ್ಯಾಕ್ಷರ ಅವರೇ, ನಿಮ್ಮ ಪ್ರಶ್ನೆಯಲ್ಲಿ ಉತ್ತರದ ಮುಕ್ಕಾಲು ಭಾಗ ಇದೆ. 0.7 ಮಿ.ಮೀ., ತೆಳು ಒಸಡು, ನಕ್ಕರೆ ಕಾಣುವ ಒಸಡು. ಇಪ್ಪತ್ತು ವರ್ಷಗಳಿಂದ ಇಂಪ್ಲಾಂಟ್ ಹಾಕುತ್ತಿರುವವನು ನಾನು. ಈ ಮೂರು ವಿವರಗಳು ಒಟ್ಟಿಗೆ ಬಂದಾಗ ಇಂದಿಗೂ ನನ್ನ ಕೈ ನಿಧಾನವಾಗುತ್ತದೆ. ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿರುವುದಿಲ್ಲ, ನವಿರಾದ ತಂತುಗಳಲ್ಲಿ ತೂಗಿಕೊಂಡಿರುತ್ತದೆ. ಆ ತಂತುಗಳು ನೆಟ್ಟುಕೊಂಡಿರುವ ಮೂಳೆಯ ಪದರ ಹಲ್ಲಿಗಾಗಿಯೇ ಇರುವ ಮೂಳೆ. ಹಲ್ಲು ಹೋದರೆ ತಂತು ಹೋಯಿತು, ತಂತುವಿನ ಜೊತೆ ಅದರ ರಕ್ತವೂ ಹೋಯಿತು, ಆಮೇಲೆ ಆ ಪದರ ಕರಗುತ್ತದೆ. ಗೋಡೆ ದಪ್ಪವಿದ್ದರೆ ಆ ಪದರದ ಹಿಂದೆ ಬೇರೆ ಮೂಳೆ ಇರುತ್ತದೆ, ನಷ್ಟ ಹೊರಗೆ ಅಷ್ಟಾಗಿ ಕಾಣುವುದಿಲ್ಲ. 0.7 ಮಿ.ಮೀ. ಗೋಡೆಯಲ್ಲಿ ಹೆಚ್ಚುಕಡಿಮೆ ಇರುವುದೇ ಆ ಪದರ. ಮುಂದಿನ ಹಲ್ಲುಗಳ ಹೊರಗೋಡೆ ಬಹುತೇಕರಲ್ಲಿ 1 ಮಿ.ಮೀ.ಗಿಂತ ತೆಳುವೇ, ಆದ್ದರಿಂದ ನಿಮ್ಮದೇನೂ ವಿಚಿತ್ರ ದವಡೆಯಲ್ಲ.

ಕಿತ್ತ ಗಳಿಗೆಯಲ್ಲಿಯೇ ಇಂಪ್ಲಾಂಟ್ ತುಂಬಿಬಿಟ್ಟರೆ ಗೋಡೆ ಉಳಿಯುತ್ತದೆ ಎಂದು ನಾವೆಲ್ಲ ಒಂದು ಕಾಲಕ್ಕೆ ನಂಬಿದ್ದೆವು. 2005ರಲ್ಲಿ ಅರಾಯುಜೊ ಮತ್ತು ಲಿಂಡೆ ನಾಯಿಗಳ ದವಡೆಯಲ್ಲಿ ಇದನ್ನೇ ಪರೀಕ್ಷಿಸಿದರು. ಇಂಪ್ಲಾಂಟ್ ಇದ್ದರೂ ಹೊರಗೋಡೆ ಕರಗಿತು. ಟೈಟಾನಿಯಂ ತಿರುಪಿಗೆ ತಂತು ಇಲ್ಲ, ಅದು ಬೇರಿನ ಕೆಲಸ ಮಾಡಲಾರದು. ಬರ್ನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಮನುಷ್ಯರ ಮುಂದಿನ ಹಲ್ಲುಗಳದ್ದು: ಹೊರಗೋಡೆ 1 ಮಿ.ಮೀ.ಗಿಂತ ತೆಳುವಿದ್ದವರಲ್ಲಿ ಹಲ್ಲು ಕಿತ್ತ ಎಂಟು ವಾರಗಳಲ್ಲಿ ಗೋಡೆಯ ನಡುಭಾಗದ ಎತ್ತರ 7.5 ಮಿ.ಮೀ.ನಷ್ಟು ಕುಸಿದಿತ್ತು, ದಪ್ಪ ಗೋಡೆಯವರಲ್ಲಿ 1.1 ಮಿ.ಮೀ. ಮಾತ್ರ. ಆ ಎರಡು ಅಂಕಿಗಳನ್ನು ಮೊದಲ ಸಲ ಅಕ್ಕಪಕ್ಕ ನೋಡಿದಾಗ ನನ್ನ ಹಳೆಯ ರೋಗಿಯೊಬ್ಬನ ಮುಖ ಕಣ್ಣ ಮುಂದೆ ಬಂತು.

ಅವನ ಕಥೆ ಹೇಳಲೇಬೇಕು. ಇಪ್ಪತ್ತಾರು ವರ್ಷದ ಹುಡುಗ, ನಿಮ್ಮದೇ ಹಲ್ಲು, ತೆಳು ಒಸಡು. ಅವನಿಗೆ ಮೂರು ವಾರದಲ್ಲಿ ಮದುವೆ. ಕಿತ್ತ ದಿನವೇ ಕೂರಿಸಿದೆ. ಸರಿಯಾಗಿ ಕಾಣಲೆಂದು ಒಸಡನ್ನೂ ಬಿಡಿಸಿದೆ, ಅಂದರೆ ಗೋಡೆಗೆ ಹೊರಗಿನಿಂದ ಬರುತ್ತಿದ್ದ ರಕ್ತವನ್ನೂ ಕಡಿದೆ. ಇಂಪ್ಲಾಂಟ್ ಭದ್ರವಾಗಿ ಕೂತಿತು, ತಾತ್ಕಾಲಿಕ ಹಲ್ಲು ಮುದ್ದಾಗಿತ್ತು. ಮದುವೆಯ ಚಿತ್ರಗಳನ್ನು ತಂದು ತೋರಿಸಿದ. ಎರಡನೆಯ ವರ್ಷ ಒಸಡು ಕೊಂಚ ಮೇಲೆ ಸರಿದಂತೆ ಕಂಡಿತು. ಮೂರನೆಯ ವರ್ಷ ಪಕ್ಕದ ಹಲ್ಲಿಗಿಂತ 2 ಮಿ.ಮೀ. ಉದ್ದ ಕಾಣುತ್ತಿತ್ತು, ಒಸಡಿನೊಳಗಿಂದ ಲೋಹದ ಬೂದು ಛಾಯೆ. ಇಂಪ್ಲಾಂಟ್ ಅಲುಗುತ್ತಿರಲಿಲ್ಲ, ಸೋಂಕಿರಲಿಲ್ಲ, ಎಕ್ಸ್-ರೇಯಲ್ಲಿ ಅಚ್ಚುಕಟ್ಟು. ಅಂಕಿಅಂಶದ ಪ್ರಕಾರ ಅದು ಯಶಸ್ಸು. ಆ ಹುಡುಗ ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಅಂಗುಳಿನಿಂದ ಅಂಗಾಂಶ ತೆಗೆದು ಎರಡು ಬಾರಿ ಒಸಡು ದಪ್ಪ ಮಾಡಿದೆ, ಅರ್ಧ ಸರಿಹೋಯಿತು. ಇಂಪ್ಲಾಂಟನ್ನು ನಾನು ಒಂದು ಮಿಲಿಮೀಟರಿನಷ್ಟು ಹೊರಕ್ಕೆ ಕೂರಿಸಿದ್ದೆ, ಅದೇ ಮೂಲ ತಪ್ಪು. ಕಿತ್ತ ಗುಂಡಿಯಲ್ಲಿ ಡ್ರಿಲ್ ಸುಲಭವಾಗಿ ಜಾರುವುದು ಹೊರಬದಿಗೆ, ಒಳಗಿನ ಗಟ್ಟಿ ಮೂಳೆ ಅದನ್ನು ಹೊರಕ್ಕೆ ತಳ್ಳುತ್ತದೆ. ಕೈಗೆ ಸರಿ ಎನಿಸಿದ ದಿಕ್ಕು ಸರಿಯಾಗಿರಲಿಲ್ಲ.

ಈಗ ನಿಮ್ಮ ಎರಡನೆಯ ವೈದ್ಯರ ಎಂಟು ವಾರದ ತರ್ಕ. ಆ ಅವಧಿಯಲ್ಲಿ ಮೂಳೆ ಪೂರ್ತಿ ತುಂಬುವುದಿಲ್ಲ, ಅವರು ಅದಕ್ಕಾಗಿ ಕಾಯುತ್ತಲೂ ಇಲ್ಲ. ಗುಂಡಿಯ ಬಾಯಿಯ ಮೇಲೆ ಒಸಡು ಬೆಳೆದು ಮುಚ್ಚಿಕೊಳ್ಳಲಿ ಎಂದು ಕಾಯುತ್ತಾರೆ. ತೆಳು ಗೋಡೆ ಕರಗಿದ ಕಡೆ ಒಸಡು ತಾನಾಗಿಯೇ ದಪ್ಪಗಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ, ಆ ದಪ್ಪ ಒಸಡು ಗ್ರಾಫ್ಟ್‌ಗೆ, ಅಂದರೆ ಆಮೇಲೆ ತುಂಬುವ ಮೂಳೆಪುಡಿಗೆ, ಹೊದಿಕೆಯಾಗುತ್ತದೆ. ಕರಗಬೇಕಾದ ಗೋಡೆ ಅಷ್ಟರಲ್ಲಿ ಬಹುಮಟ್ಟಿಗೆ ಕರಗಿರುತ್ತದೆ, ಎಷ್ಟು ಕಟ್ಟಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಅಕ್ಕಪಕ್ಕದ ಹಲ್ಲುಗಳ ಮೂಳೆ ಹಾಗೆಯೇ ನಿಂತಿರುವುದರಿಂದ ನಡುವಿನ ಕೊರತೆ ಎರಡು ಗೋಡೆಯ ನಡುವಿನ ಗೂಡಿನಂತಿರುತ್ತದೆ. ಅಂಥ ಗೂಡಿನಲ್ಲಿ ಮೂಳೆಪುಡಿ ನಿಲ್ಲುತ್ತದೆ. ಕೊರೆಯುವಾಗ ಸಿಕ್ಕ ನಿಮ್ಮದೇ ಮೂಳೆಯ ಚೂರುಗಳನ್ನು ಇಂಪ್ಲಾಂಟಿಗೆ ತಾಗುವಂತೆ, ಅದರ ಮೇಲೆ ನಿಧಾನವಾಗಿ ಕರಗುವ ದನದ ಮೂಳೆಯ ಖನಿಜವನ್ನು, ಅದರ ಮೇಲೆ ಕೊಲಾಜೆನ್ ಪೊರೆಯನ್ನು ಹಾಸುತ್ತಾರೆ. ಇಂಪ್ಲಾಂಟಿನ ಹೊರಬದಿಗೆ ಕನಿಷ್ಠ 2 ಮಿ.ಮೀ. ಮೂಳೆ ಇರಬೇಕು ಎಂಬುದು ಗುರಿ. ಮುಂದೆ ಕಟ್ಟುವ ಹಲ್ಲಿನ ಒಸಡಂಚಿನಿಂದ 3–4 ಮಿ.ಮೀ. ಆಳದಲ್ಲಿ ಇಂಪ್ಲಾಂಟಿನ ಭುಜ, ಅಂದರೆ ಬಾಯಿಯ ಕಡೆಯ ಅಂಚು, ಇರಬೇಕು. ಪಕ್ಕದ ಬೇರಿನಿಂದ ಒಂದೂವರೆ ಮಿಲಿಮೀಟರಾದರೂ ದೂರ.

ಹುದುಗಿಸಿ ಹೊಲಿಯುವುದು ಇಂಪ್ಲಾಂಟ್ ಮೂಳೆಗೆ ಬೆಸೆಯಲು ಅನಿವಾರ್ಯವೇ ಎಂದರೆ, ಅಲ್ಲ. ಅದು ಸ್ವೀಡನ್ನಿನ ಬ್ರೋನೆಮಾರ್ಕ್ ಹಾಕಿಕೊಟ್ಟ ಕ್ರಮ. 1965ರಲ್ಲಿ ಅವರು ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಮುಂದೆ ಅವರ ಕ್ರಮದಲ್ಲಿ ಕೆಳದವಡೆಗೆ ಮೂರು ತಿಂಗಳು, ಮೇಲ್ದವಡೆಗೆ ಆರು ತಿಂಗಳು ಒಸಡಿನ ಕೆಳಗೆ ಹುದುಗಿಸಿ ಇಡುವುದು ನಿಯಮವಾಯಿತು. ಆ ಮೊದಲ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಆ ಹಲ್ಲುಗಳನ್ನು ಬಳಸಿದ. ಸ್ವಿಟ್ಜರ್ಲೆಂಡಿನ ಆಂದ್ರೆ ಶ್ರೋಡರ್ ಮತ್ತು ಸಂಗಡಿಗರು ಒಸಡಿನಿಂದ ಹೊರಗೆ ತಲೆ ಹಾಕಿಕೊಂಡೇ ಇಂಪ್ಲಾಂಟ್ ಬೆಸೆಯಬಲ್ಲದು ಎಂದು ತೋರಿಸಿದರು. ನಿಮ್ಮ ವೈದ್ಯರು ಹುದುಗಿಸುತ್ತಿರುವುದು ಮೂಳೆಪುಡಿ ಮತ್ತು ಪೊರೆಯ ರಕ್ಷಣೆಗೆ. ಆ ಕಾರಣ ನನಗೆ ಒಪ್ಪಿಗೆ.

ಹಾಗಾದರೆ ಮೊದಲ ವೈದ್ಯರದು ತಪ್ಪು ಯೋಜನೆಯೇ? ಹಾಗೆನ್ನಲಾರೆ. ಒಸಡು ಬಿಡಿಸದಿರುವುದು ಈ ಜಾಗದಲ್ಲಿ ಸರಿಯಾದ ಬುದ್ಧಿ, ನಾನು ಆ ಹುಡುಗನಿಗೆ ಮಾಡಿದ್ದಕ್ಕಿಂತ ಉತ್ತಮ. ಆದರೆ ಅವರ ಮಾತಿನಲ್ಲಿ ನೀವು ಬರೆಯದ ಎರಡು ವಿಷಯಗಳಿವೆ. ಇಂಪ್ಲಾಂಟನ್ನು ಅಂಗುಳಿನ ಬದಿಗೆ ಒರಗಿಸಿ, ಹೊರಗೋಡೆಗೂ ಅದಕ್ಕೂ ನಡುವೆ ಉಳಿಯುವ ಸಂದಿಗೆ ಮೂಳೆಪುಡಿ ತುಂಬುತ್ತಾರೆಯೇ? ಒಸಡಿನ ಒಳಗೆ ಅಂಗುಳಿನ ಅಂಗಾಂಶ ಸೇರಿಸಿ ದಪ್ಪ ಮಾಡುತ್ತಾರೆಯೇ? ಎರಡಕ್ಕೂ ಹೌದು ಎಂದರೆ ಅದು ಗಂಭೀರವಾದ ಯೋಜನೆ. ಇಲ್ಲವೆಂದರೆ 0.7 ಮಿ.ಮೀ. ಗೋಡೆಯಲ್ಲಿ ನಾನು ಒಪ್ಪುವುದಿಲ್ಲ.

ಬೇರಿನ ಹೊರಬದಿಯ ತೆಳು ಹೋಳೊಂದನ್ನು ಬೇಕೆಂದೇ ಬಿಟ್ಟು, ತಂತುಗಳನ್ನು ಬದುಕಿಸಿಕೊಂಡು, ಅದರ ಹಿಂದೆ ಇಂಪ್ಲಾಂಟ್ ಕೂರಿಸುವ ಇನ್ನೊಂದು ವಿಧಾನವಿದೆ. 2010ರಲ್ಲಿ ಹ್ಯೂರ್ಟ್ಸೆಲರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಕಲ್ಪನೆ ಚೆಲುವಾದದ್ದು. ಆದರೆ ಆ ಹೋಳು ಅಲುಗಿದರೆ ಅಥವಾ ಒಸಡಿನಿಂದ ಹೊರಗೆ ಇಣುಕಿದರೆ ಸೋಂಕಿಗೆ ದಾರಿ. ಅದರಲ್ಲಿ ಕೈ ಪಳಗಿದವರು ಮಾಡಲಿ, ನಾನು ಮಾಡುವುದಿಲ್ಲ.

ನೀವು ಹೇಳದೇ ಬಿಟ್ಟ ಒಂದು ಸಂಗತಿ ಬೇಕು: ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಾ?

ಮೇಣದ ಹಲ್ಲು

ನಾನು ಪ್ರಯೋಗಾಲಯದಲ್ಲಿ ಹಲ್ಲು ಕಟ್ಟುವವಳು. ವೈದ್ಯರ ಮಾತಿಗೆ ಸೇರಿಸುವುದಿದೆ, ಒಂದು ಕಡೆ ಭಿನ್ನಾಭಿಪ್ರಾಯವೂ ಇದೆ.

ಅದೇ ದಿನದ ತಾತ್ಕಾಲಿಕ ಹಲ್ಲನ್ನು ಅವಸರದ ಕೊಡುಗೆ ಎಂದಷ್ಟೇ ನೋಡಬೇಡಿ. ಕಿತ್ತ ಹಲ್ಲಿನ ಕುತ್ತಿಗೆಯ ಆಕಾರವೇ ತಾತ್ಕಾಲಿಕ ಹಲ್ಲಿಗೂ ಇದ್ದರೆ ಒಸಡು ಕುಸಿಯದೆ ಅದರ ಸುತ್ತ ನಿಲ್ಲುತ್ತದೆ, ಎರಡು ಹಲ್ಲುಗಳ ನಡುವಿನ ಒಸಡಿನ ಮೂಲೆಗಳೂ ಉಳಿಯುತ್ತವೆ. ಹುದುಗಿಸಿ ತೆರೆದ ಒಸಡು ನನ್ನ ಬಳಿ ಬರುವಾಗ ಚಪ್ಪಟೆಯಾಗಿರುತ್ತದೆ, ಆ ಆಕಾರವನ್ನು ವಾರಗಟ್ಟಲೆ ತಾತ್ಕಾಲಿಕ ಹಲ್ಲಿಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಮತ್ತೆ ತರಬೇಕು. ತರಬಹುದು. ಆದರೆ ಕೆಲಸ ಹೆಚ್ಚು, ಇದನ್ನು ರೋಗಿಗೆ ಮೊದಲೇ ಹೇಳಬೇಕು.

ಎರಡನೆಯದು, ಹಲ್ಲನ್ನು ಇಂಪ್ಲಾಂಟಿಗೆ ಬಿಗಿಯುವ ಸಣ್ಣ ತಿರುಪಿನ ತೂತು ಎಲ್ಲಿ ಬರುತ್ತದೆ ಎಂದು ಇಬ್ಬರನ್ನೂ ಕೇಳಿ. ಇಂಪ್ಲಾಂಟ್ ಹೊರಕ್ಕೆ ವಾಲಿದರೆ ತೂತು ಹಲ್ಲಿನ ಮುಖದ ಮೇಲೆ ಬರುತ್ತದೆ, ಆಗ ಸಿಮೆಂಟಿನಿಂದ ಅಂಟಿಸುವ ಹಲ್ಲು ಕಟ್ಟಬೇಕಾಗುತ್ತದೆ. ಒಸಡಿನೊಳಗೆ ಉಳಿದ ಸಿಮೆಂಟಿನ ಒಂದು ಕಣ ಇಂಪ್ಲಾಂಟಿನ ಸುತ್ತ ವರ್ಷಗಟ್ಟಲೆ ಉರಿಯೂತ ಎಬ್ಬಿಸಬಲ್ಲದು. ಅಂಗುಳಿನ ಬದಿಗೆ ತೂತು ಬಂದರೆ ತಿರುಪಿನಿಂದ ಬಿಗಿಯುವ ಹಲ್ಲು ಕಟ್ಟುತ್ತೇನೆ, ಬೇಕಾದಾಗ ಬಿಚ್ಚಿ ತೊಳೆದು ಮತ್ತೆ ಹಾಕಬಹುದು. ಮೊದಲು ಹಲ್ಲು ಎಲ್ಲಿರಬೇಕು ಎಂದು ಮೇಣದಲ್ಲೋ ಪರದೆಯ ಮೇಲೋ ಕಟ್ಟಿ, ಅಲ್ಲಿಂದ ಹಿಂದಕ್ಕೆ ಇಂಪ್ಲಾಂಟಿನ ಜಾಗ ನಿಶ್ಚಯಿಸಬೇಕು. ಮೂಳೆ ಇರುವ ಕಡೆ ಕೂರಿಸಿ, ಆಮೇಲೆ ಹಲ್ಲನ್ನು ನಮಗೆ ಬಿಟ್ಟ ಪ್ರಕರಣಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ, ಒಂದೊಂದೂ ಹೊಟ್ಟೆ ಉರಿಸುತ್ತದೆ.

ಉಚ್ಚಾರದ ವಿಷಯ. ಎಂಟು ವಾರ ಮತ್ತು ಆಮೇಲಿನ ನಾಲ್ಕು ತಿಂಗಳು ಬಾಯಲ್ಲಿ ಏನಿರುತ್ತದೆ ಎಂದು ಎರಡನೆಯ ವೈದ್ಯರನ್ನು ಕೇಳಿದಿರಾ? ತೆಗೆದು ಹಾಕುವ ಪ್ಲೇಟ್ ಕೊಟ್ಟರೆ ಅದು ಅಂಗುಳನ್ನು ಮುಚ್ಚುತ್ತದೆ, ಅದರ ದಪ್ಪಕ್ಕೆ ನಿಮ್ಮ ಸ ಮತ್ತು ತ ಎರಡೂ ತೊದಲುತ್ತವೆ. ಒಸಡಿನ ಮೇಲೆ ಒತ್ತಿ ಗ್ರಾಫ್ಟ್ ಅನ್ನೂ ಕೆಡಿಸಬಹುದು. ನಿಮ್ಮದೇ ಹಳೆಯ ಕ್ಯಾಪನ್ನು ಪಕ್ಕದ ಹಲ್ಲಿನ ಹಿಂಬದಿಗೆ ಸಣ್ಣ ರೆಕ್ಕೆಯೊಂದರಿಂದ ಅಂಟಿಸಿ ನಿಲ್ಲಿಸಬಹುದು. ಇಪ್ಪತ್ತೆರಡು ವರ್ಷ ನಿಮ್ಮ ನಾಲಿಗೆ ತಾಗಿದ ಬೆನ್ನು ಅದು, ಅದರಲ್ಲಿಯೇ ಮಾತಾಡುತ್ತೀರಿ. ಶಸ್ತ್ರಚಿಕಿತ್ಸೆಯ ದಿನ ಬಿಡಿಸಿ, ಕೆಳಭಾಗ ಸವರಿ, ಮತ್ತೆ ಅಂಟಿಸುತ್ತಾರೆ. ಆ ಕ್ಯಾಪನ್ನು ದಯವಿಟ್ಟು ಎಸೆಯಬೇಡಿ.

ಹಲ್ಲು ಕೀಳುವ ಮೊದಲು ನಿಮ್ಮ ಧ್ವನಿಯನ್ನೂ ಮುದ್ರಿಸಿಟ್ಟುಕೊಳ್ಳಿ. ಕೊನೆಯ ಹಲ್ಲು ಕಟ್ಟುವಾಗ ಅದರ ಬೆನ್ನು ಅರ್ಧ ಮಿಲಿಮೀಟರ್ ದಪ್ಪವಾದರೂ ನಾಲಿಗೆಗೆ ಗೊತ್ತಾಗುತ್ತದೆ. ಹಳೆಯ ಧ್ವನಿ ಎದುರಿಗಿದ್ದರೆ ಎಲ್ಲಿ ಸವರಬೇಕು ಎಂದು ಇಬ್ಬರೂ ಕೂತು ಹುಡುಕಬಹುದು.

ದಂತ್ಯಾಕ್ಷರ

ಮೂವರಿಗೂ ಹೇಗೆ ಧನ್ಯವಾದ ಹೇಳಲಿ. ಆ ಹುಡುಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದದ್ದು ಎರಡು ದಿನ ಮನಸ್ಸಿನಿಂದ ಹೋಗಲಿಲ್ಲ.

ವೈದ್ಯರ ಪ್ರಶ್ನೆಗೆ: ನನಗೆ ತಿಳಿದಿರಲಿಲ್ಲ, ಮನೆಯವರನ್ನು ಕೇಳಿದೆ. ಕಡಿಯುತ್ತೇನಂತೆ, ಸದ್ದು ಕೇಳಿಸುವಷ್ಟು. ಬೆಳಗ್ಗೆ ದವಡೆ ದಣಿದಿರುತ್ತದೆ. ಕನ್ನಡಿಯಲ್ಲಿ ನೋಡಿದರೆ ಕೆಳಗಿನ ಬಾಚಿಹಲ್ಲುಗಳ ಅಂಚು ಸವೆದು ಸಪಾಟಾಗಿದೆ.

ಇನ್ನೆರಡು ಸಂಶಯ. ಗೈಡ್ ಬಳಸಿದರೆ ಡ್ರಿಲ್ ಹೊರಕ್ಕೆ ಜಾರುವ ಆ ತೊಂದರೆ ತಪ್ಪುತ್ತದಲ್ಲವೇ? "35 ನ್ಯೂಟನ್ ಸೆಂಟಿಮೀಟರ್ ಬಂದರೆ ಅದೇ ದಿನ ಹಲ್ಲು ಕೊಡುತ್ತೇನೆ" ಎಂದೂ ಮೊದಲ ವೈದ್ಯರು ಹೇಳಿದ್ದರು, ಅದರ ಅರ್ಥವೇನು?

ದವಡೆಯ ವೈದ್ಯ

ಗೈಡ್ ಮೊದಲು. ಅದು ನಿಜವಾಗಿಯೂ ಜಾರುವುದನ್ನು ತಡೆಯುತ್ತದೆ. ಅಂದು ನನ್ನ ಬಳಿ ಇದ್ದಿದ್ದರೆ ಆ ಒಂದು ಮಿಲಿಮೀಟರ್ ತಪ್ಪು ಬಹುಶಃ ಆಗುತ್ತಿರಲಿಲ್ಲ. ಮೂಳೆಯ ಸ್ಕ್ಯಾನ್ ಮತ್ತು ಬಾಯಿಯ ಸ್ಕ್ಯಾನ್ ಎರಡನ್ನೂ ಪರದೆಯ ಮೇಲೆ ಜೋಡಿಸಿ, ಹಲ್ಲಿನಿಂದ ಹಿಂದಕ್ಕೆ ಯೋಜಿಸುವ ಕ್ರಮವನ್ನು ಅದು ತಾನಾಗಿಯೇ ಕಲಿಸುತ್ತದೆ. ಮೇಣದ ಹಲ್ಲು ಅವರು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಆದರೆ ಗೈಡ್ ಎಂದರೆ ತಪ್ಪಿಲ್ಲ ಎಂದಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಮರ್ಶೆಯಲ್ಲಿ ಯೋಜಿಸಿದ ಜಾಗಕ್ಕೂ ಕೂತ ಜಾಗಕ್ಕೂ ಸರಾಸರಿ ವ್ಯತ್ಯಾಸ ಪ್ರವೇಶದಲ್ಲಿ 1.2 ಮಿ.ಮೀ., ತುದಿಯಲ್ಲಿ 1.4 ಮಿ.ಮೀ., ಕೋನದಲ್ಲಿ 3.5 ಡಿಗ್ರಿ. ಗಟ್ಟಿ ಹಲ್ಲುಗಳ ಮೇಲೆ ಕೂರುವ ಗೈಡ್ ಇದಕ್ಕಿಂತ ಚೆನ್ನಾಗಿರುತ್ತದೆ, ನಿಮಗೆ ಉಳಿದೆಲ್ಲ ಹಲ್ಲುಗಳಿರುವುದು ಅನುಕೂಲ. ಹಾಗಿದ್ದರೂ ನಿಮ್ಮ ಗೋಡೆ 0.7 ಎಂಬುದನ್ನು ಪಕ್ಕದಲ್ಲಿಟ್ಟು ಆ ಅಂಕಿಗಳನ್ನು ಓದಿ. ಸ್ಕ್ಯಾನ್ ಮಾಡುವಾಗ ರೋಗಿ ಕೊಂಚ ಅಲುಗಿದರೂ, ಗೈಡ್ ಒಂದು ಮೂಲೆಯಲ್ಲಿ ಪೂರ್ತಿ ಕೂರದಿದ್ದರೂ ತಪ್ಪು ಮೊದಲಿನಿಂದ ಕೊನೆಯವರೆಗೆ ಸಾಗಿಬರುತ್ತದೆ, ಗೈಡ್ ಅದನ್ನು ಅಚ್ಚುಕಟ್ಟಾಗಿ ಪಾಲಿಸುತ್ತದೆ. ಆದ್ದರಿಂದ ನಾನು ಗೈಡ್ ಇಟ್ಟು ಮೊದಲ ಸಣ್ಣ ಡ್ರಿಲ್ ಇಳಿಸಿದ ಕೂಡಲೇ ಅದನ್ನು ತೆಗೆದು, ದಿಕ್ಕಿನ ಕಡ್ಡಿ ಚುಚ್ಚಿ, ಕಣ್ಣಿನಿಂದ ನೋಡಿ ಮುಂದುವರಿಯುತ್ತೇನೆ.

ಇನ್ನೊಂದು ಬಿಸಿಯ ವಿಷಯ. ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ 1983ರಲ್ಲಿ ಮೊಲಗಳ ಮೂಳೆಯಲ್ಲಿ ತೋರಿಸಿದಂತೆ 47 ಡಿಗ್ರಿ ಸೆಲ್ಸಿಯಸ್ ಒಂದು ನಿಮಿಷ ಇದ್ದರೆ ಮೂಳೆಗೆ ಹಾನಿ. ಗೈಡಿನ ಕೊಳವೆ ಡ್ರಿಲ್ಲಿಗೆ ಸಲೈನ್, ಅಂದರೆ ತಂಪು ಮಾಡುವ ಉಪ್ಪುನೀರು, ತಲುಪುವುದನ್ನು ಅಡ್ಡಗಟ್ಟುತ್ತದೆ. ಹರಿತವಾದ ಡ್ರಿಲ್, ಮೇಲೆ ಕೆಳಗೆ ಆಡಿಸುವ ಕೈ, ತಣ್ಣನೆಯ ಸಲೈನ್ ಧಾರಾಳ: ಇವನ್ನು ಗೈಡ್ ಇದ್ದಾಗ ಇನ್ನಷ್ಟು ನೆನಪಿಡಬೇಕು. ಹಿಂದಿನ ದವಡೆಹಲ್ಲುಗಳಲ್ಲಾದರೆ ಉದ್ದದ ಡ್ರಿಲ್ ಮತ್ತು ಗೈಡ್ ಎರಡೂ ಹೋಗುವಷ್ಟು ಬಾಯಿ ತೆರೆಯುವುದೇ ಕೆಲವರಿಗೆ ಕಷ್ಟ. ನಿಮಗೆ ಆ ತೊಂದರೆ ಇಲ್ಲ.

35 ನ್ಯೂಟನ್ ಸೆಂಟಿಮೀಟರ್ ಎಂದರೆ ಇಂಪ್ಲಾಂಟನ್ನು ತಿರುಗಿಸಿ ಇಳಿಸುವಾಗ ಕೊನೆಯಲ್ಲಿ ಮೂಳೆ ಕೊಡುವ ಬಿಗಿ. ಅದಕ್ಕಿಂತ ಕಡಿಮೆ ಇದ್ದರೆ ಅದೇ ದಿನ ಹಲ್ಲು ಕೊಡಲು ನಮ್ಮಲ್ಲಿ ಬಹುತೇಕರು ಹಿಂಜರಿಯುತ್ತೇವೆ. ನಿಮ್ಮ ಗುಂಡಿಯಲ್ಲಿ ಆ ಬಿಗಿ ಬರಬೇಕಾದದ್ದು ಬೇರಿನ ತುದಿಯಾಚೆಯ 5 ಮಿ.ಮೀ. ಮತ್ತು ಅಂಗುಳಿನ ಬದಿಯ ಮೂಳೆಯಿಂದ. ಬರಬಹುದು. ಆದರೆ ಆ ಬಿಗಿ ಹಳೆಯ ಮೂಳೆಯ ಹಿಡಿತ. ದೇಹ ಆ ಹಳೆಯ ಮೂಳೆಯನ್ನು ಕರಗಿಸಿ ಹೊಸತನ್ನು ಕಟ್ಟುತ್ತದೆ, ಎರಡರ ನಡುವಿನ ಮೂರು ನಾಲ್ಕನೆಯ ವಾರದಲ್ಲಿ ಹಿಡಿತ ಕಡಿಮೆಯಾಗುತ್ತದೆ. ಮೊದಲ ದಿನ ಗಟ್ಟಿಯಾಗಿದ್ದದ್ದು ಆ ವಾರಗಳಲ್ಲಿ ಸೂಕ್ಷ್ಮವಾಗಿ ಅಲುಗಿದರೆ ಮೂಳೆಯ ಬದಲು ನಾರಿನ ಪದರ ಬೆಳೆಯುತ್ತದೆ. ತಾತ್ಕಾಲಿಕ ಹಲ್ಲನ್ನು ಎದುರಿನ ಹಲ್ಲಿಗೆ ತಾಗದಂತೆ ಕಟ್ಟುವುದು ಇದಕ್ಕಾಗಿಯೇ. ಹಗಲಿನಲ್ಲಿ ನೀವು ಎಚ್ಚರದಿಂದಿರುತ್ತೀರಿ. ನಿದ್ದೆಯಲ್ಲಿ ದವಡೆ ಮುಂದಕ್ಕೆ ಜಾರಿ ಅರೆಯುವಾಗ ಎಚ್ಚರ ಯಾರದ್ದು?

ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ತೆಳು ಗೋಡೆ ಒಂದೇ ಆಗಿದ್ದರೆ ಎರಡೂ ದಾರಿಗಳ ಬಗ್ಗೆ ಇನ್ನೂ ವಾದಿಸುತ್ತಿದ್ದೆ. ತೆಳು ಗೋಡೆ, ತೆಳು ಒಸಡು, ರಾತ್ರಿ ಕಡಿತ ಮೂರೂ ಇರುವಾಗ ನನ್ನ ತಂಗಿಯಾಗಿದ್ದರೂ ಎಂಟು ವಾರ ಕಾಯಿಸುತ್ತಿದ್ದೆ. ಆದರೆ ಆರು ತಿಂಗಳವರೆಗೆ ಕಾಯಬೇಡಿ, ಅಷ್ಟರಲ್ಲಿ ದವಡೆಯ ಅಗಲವೇ ಕುಗ್ಗಿರುತ್ತದೆ. ಕೀಳುವ ದಿನ ಒಸಡು ಬಿಡಿಸದೆ, ಗೋಡೆಗೆ ಸನ್ನೆ ಹಾಕದೆ ಬೇರು ತೆಗೆಯುವಂತೆ ಕೇಳಿಕೊಳ್ಳಿ. ಕೊನೆಯ ಹಲ್ಲು ಬಂದ ಮೇಲೆ ರಾತ್ರಿ ಹಾಕಿಕೊಳ್ಳುವ ಗಟ್ಟಿ ರಕ್ಷಾಕವಚ ತಪ್ಪಿಸಬೇಡಿ. ಇಂಪ್ಲಾಂಟಿಗೆ ತಂತುಗಳಿಲ್ಲ, ಹೆಚ್ಚು ಒತ್ತಡ ಬಿದ್ದಾಗ ನಿಜವಾದ ಹಲ್ಲಿನಷ್ಟು ಬೇಗ ಅದು ನಿಮ್ಮನ್ನು ಎಚ್ಚರಿಸಲಾರದು.

ಎರಡು ದವಡೆಹಲ್ಲು

ಇಲ್ಲಿ ರೋಬೊಟ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅಮೆರಿಕದಲ್ಲಿ ಯೋಮಿ ಎಂಬುದಕ್ಕೆ 2016ರ ಕೊನೆಯಲ್ಲಿಯೇ ಅನುಮತಿ ಸಿಕ್ಕಿದೆ ಎಂದು ಓದಿದ್ದೆ. ಅದು ಗೈಡಿಗಿಂತ ನಿಖರವೇ?

ದವಡೆಯ ವೈದ್ಯ

ಅದು ವೈದ್ಯನ ಕೈಯಲ್ಲಿರುವ ಡ್ರಿಲ್ಲನ್ನು ಯೋಜಿಸಿದ ದಿಕ್ಕಿನಿಂದ ತಪ್ಪದಂತೆ ಹಿಡಿದು ತಡೆಯುವ ಯಂತ್ರ. ಕೊಳವೆ ಇಲ್ಲದ್ದರಿಂದ ಸಲೈನ್ ಚೆನ್ನಾಗಿ ತಲುಪುತ್ತದೆ, ನಡುವೆ ಯೋಜನೆ ಬದಲಿಸಬಹುದು. ಒಳ್ಳೆಯ ಸಾಧನ. ಆದರೆ ಈ ಪ್ರಕರಣದ ಕಷ್ಟ ಗೋಡೆಯದ್ದು, ಅದನ್ನು ಯಾವ ಯಂತ್ರವೂ ದಪ್ಪ ಮಾಡುವುದಿಲ್ಲ.

ದಂತ್ಯಾಕ್ಷರ

ಇಬ್ಬರು ವೈದ್ಯರ ಬಳಿಗೂ ಮತ್ತೆ ಹೋಗಿಬಂದೆ, ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು.

ಮೊದಲನೆಯವರು ಸಂದಿಗೆ ಮೂಳೆಪುಡಿ ತುಂಬುವವರೇ, ಅಂಗಾಂಶ ಸೇರಿಸುವ ಯೋಚನೆಯೂ ಅವರಿಗಿತ್ತು. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ರಾತ್ರಿ ಕಡಿಯುವ ವಿಷಯ ಹೇಳಿ, ಸವೆದ ಕೆಳಹಲ್ಲುಗಳನ್ನು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇದನ್ನು ನಾನೇ ಮೊದಲು ಕೇಳಬೇಕಿತ್ತು, ನಿಮಗೆ ಅದೇ ದಿನ ಹಲ್ಲು ಕೊಡುವುದು ಬೇಡ" ಎಂದರು. ಆ ಮಾತಿನಿಂದ ಅವರ ಮೇಲಿನ ಗೌರವ ಹೆಚ್ಚಿತು.

ಎರಡನೆಯವರಲ್ಲಿ ಮಾಡಿಸಿಕೊಳ್ಳುತ್ತಿದ್ದೇನೆ. ಪ್ಲೇಟ್ ಕೊಡುವುದೆಂದು ಅವರು ಬರೆದಿಟ್ಟಿದ್ದರು. ಹಳೆಯ ಕ್ಯಾಪನ್ನು ರೆಕ್ಕೆಯಿಂದ ನಿಲ್ಲಿಸುವ ವಿಚಾರ ಹೇಳಿದೆ, ಒಪ್ಪಿದರು. ಕೊರೆಯುವಾಗ ಗೈಡ್ ಬಳಸುತ್ತಾರಂತೆ, ಒಸಡು ಬಿಡಿಸಿಯೇ. ತಿರುಪಿನ ತೂತು ಅಂಗುಳಿನ ಬದಿಗೆ ಬರುವುದನ್ನು ಪರದೆಯ ಮೇಲೆ ತೋರಿಸಿದರು. ಕೈಕೊಟ್ಟರೆ ಏನು ಎಂದು ಕೇಳಿದ್ದಕ್ಕೆ, ಪೊರೆ ಬೇಗ ತೆರೆದುಕೊಂಡರೆ ಗ್ರಾಫ್ಟ್‌ನ ಒಂದು ಭಾಗ ಹೋಗಬಹುದು, ಆಗ ಇಂಪ್ಲಾಂಟ್ ತೆರೆಯುವ ದಿನ ಒಸಡಿಗೆ ಅಂಗಾಂಶ ಸೇರಿಸುತ್ತೇನೆ ಎಂದರು.

ನಿನ್ನೆ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು, ಮುರಿದ ಹಲ್ಲಿನ ಮೇಲೆ ಅಂಟಿಸಿದ ಆ ಕ್ಯಾಪಿನೊಂದಿಗೇ ಧ್ವನಿ ಮುದ್ರಿಸಿದೆ. ಮೊದಲು ಬಿಡಿ ಪದಗಳು: ತಂದೆ, ದನಿ, ನದಿ, ಕಥೆ, ಧಾನ್ಯ, ಸದ್ದು, ಸಂತಸ. ಆಮೇಲೆ ಏಳನೆಯ ತರಗತಿಯ ವಿಜ್ಞಾನ ಪಾಠದ ಎರಡು ಪುಟ. ಮೂರು ಸಲ ಓದಿದೆ, ಮೂರನ್ನೂ ಇಟ್ಟುಕೊಂಡಿದ್ದೇನೆ. ಬರುವ ಮಂಗಳವಾರ ಬೆಳಗ್ಗೆ ಬೇರು ತೆಗೆಯುತ್ತಾರೆ.